‘ಭಯಭಕ್ತಿಯೇ ಇಲ್ಲ ಮೇಡಂ’: ಮಗನ ಸಾಲ, ಮಗನ ಸುಳ್ಳು, ಒಬ್ಬ ಮೇಷ್ಟ್ರ ಪ್ರಶ್ನೆ

ಪ್ರಶ್ನೆ: ನಾನು ತಿಪಟೂರು ಕಡೆಯವನು. 34 ವರ್ಷ ಪ್ರಾಥಮಿಕ ಶಾಲೆ ಮೇಷ್ಟ್ರಾಗಿದ್ದು ಈಗ ನಿವೃತ್ತನಾಗಿದ್ದೇನೆ. ಮೂರು ಎಕರೆ ತೆಂಗಿನ ತೋಟವಿದೆ. ಮಗನಿಗೆ 23 ವರ್ಷ. ಬಿ.ಇ. ಮುಗಿಸಿ ಬೆಂಗಳೂರಿನಲ್ಲಿ ಪಿ.ಜಿ.ಯಲ್ಲಿದ್ದು ಕೆಲಸಕ್ಕೆ ಹೋಗುತ್ತಾನೆ. 28 ಸಾವಿರ ಸಂಬಳ. ಕಳೆದ ತಿಂಗಳು ಯಾರೋ ಫೋನ್ ಮಾಡಿ ‘ನಿನ್ನ ಮಗ ಕಳ್ಳ’ ಎಂದು ಬಾಯಿಗೆ ಬಂದಂತೆ ಬೈದರು. ಮೊಬೈಲಿನಲ್ಲಿ ದುಡ್ಡು ಕಟ್ಟಿ ರಮ್ಮಿ, ಕ್ರಿಕೆಟ್ ಬೆಟ್ಟಿಂಗ್ ಆಡಿ 4 ಲಕ್ಷ 60 ಸಾವಿರ ಸಾಲ ಮಾಡಿಕೊಂಡಿದ್ದಾನೆ. ಕಾಲೇಜಿನಲ್ಲಿದ್ದಾಗಲೇ ಶುರುವಾಯಿತಂತೆ. ಯುಗಾದಿಗೆ ಬಂದಾಗ ಕೋರ್ಸ್ ಫೀಸ್ ಎಂದು ಸುಳ್ಳು ಹೇಳಿ ಅವನಮ್ಮನ ಸರ ತೆಗೆದುಕೊಂಡು ಹೋಗಿ ಅಡ ಇಟ್ಟಿದ್ದಾನೆ. ಕೇಳಿದಾಗಲೂ ಸುಳ್ಳು. ಕಪಾಳಕ್ಕೆ ಹೊಡೆದೆ. ‘ನಿಮಗೆ ಹೇಳಿದ್ರೆ ಏನಾಗುತ್ತೆ ಅಂತ ನಂಗೊತ್ತಿತ್ತು’ ಅಂದ. ಈಗ ರಜೆ ಹಾಕಿ ಮನೆಯಲ್ಲಿದ್ದಾನೆ. ಸರಿಯಾಗಿ ಉಣ್ಣುವುದಿಲ್ಲ, ಮಲಗುವುದಿಲ್ಲ. ‘ನನ್ನಿಂದ ನಿಮ್ಮ ಮರ್ಯಾದೆ ಹೋಯ್ತು, ನಾನಿಲ್ದಿದ್ರೇ ವಾಸಿ’ ಎಂದು ನಾಟಕ ಬೇರೆ. ಮಗಳು ಡಿಗ್ರಿ ಓದುತ್ತಿದ್ದಾಳೆ. ಅವಳಿಗೆ ಮೊದಲೇ ಗೊತ್ತಿತ್ತಂತೆ, ನಮಗೆ ಹೇಳಲಿಲ್ಲ. ಅವಳಿಗೂ ಬೈದೆ.

ನಮ್ಮ ಕಾಲದಲ್ಲಿ ಅಪ್ಪ ಬಂದರೆ ಎದ್ದು ನಿಲ್ಲುತ್ತಿದ್ದೆವು. ಈಗಿನ ಹುಡುಗರಿಗೆ ಭಯಭಕ್ತಿಯೇ ಇಲ್ಲ. ಕಾಲಿಗೆ ನಮಸ್ಕಾರ ಮಾಡುವುದಿಲ್ಲ, ಹಬ್ಬ ಬೇಡ, ಯಾರ ಜೊತೆ ಬೇಕಾದರೂ ಒಂದೇ ತಟ್ಟೆಯಲ್ಲಿ ಉಣ್ಣುತ್ತಾರೆ, ಜಾತಿ ಕುಲ ಕೇಳುವುದಿಲ್ಲ. ಸಂಸ್ಕಾರ ಪೂರ್ತಿ ಹಾಳಾಗಿದೆ. ನನಗೆ ಮೂರು ದಾರಿ ಕಾಣುತ್ತಿದೆ. ಧರ್ಮಸ್ಥಳಕ್ಕೆ ಕರೆದುಕೊಂಡು ಹೋಗಿ ಆಣೆ ಮಾಡಿಸುವುದು. ಅವನ ಸೋದರಮಾವನ ಮಗಳನ್ನು ತಂದು ಮದುವೆ ಮಾಡುವುದು. ಇಲ್ಲವೇ ಒಂದೆಕರೆ ತೋಟ ಮಾರಿ ಸಾಲ ತೀರಿಸಿ, ಕೆಲಸ ಬಿಡಿಸಿ ಊರಲ್ಲೇ ಇಟ್ಟುಕೊಳ್ಳುವುದು. ಯಾವುದು ಸರಿ?

ಉತ್ತರ: ಮೇಷ್ಟ್ರೇ, ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಅದರಲ್ಲಿ ಮೂರು ದಾರಿ ಇದೆ, ಸಾಲದ ಲೆಕ್ಕ ಇದೆ, ಸಂಸ್ಕಾರದ ಮಾತಿದೆ. ನಾನು ಇವೆಲ್ಲವನ್ನೂ ಸ್ವಲ್ಪ ಹೊತ್ತು ಪಕ್ಕಕ್ಕಿಟ್ಟು, ನೀವು ‘ನಾಟಕ’ ಎಂದು ಬರೆದ ಒಂದು ಸಾಲಿಗೆ ಮೊದಲು ಉತ್ತರ ಕೊಡುತ್ತೇನೆ.

ಅದು ನಾಟಕ ಅಲ್ಲ. 22 ವರ್ಷದಿಂದ ಕುಟುಂಬಗಳ ಜೊತೆ ಕೂತು ಮಾತಾಡುತ್ತಿದ್ದೇನೆ. ಜೂಜಿನ ಸಾಲ ಮನೆಗೆ ಗೊತ್ತಾದ ಮೊದಲ ಕೆಲವು ವಾರ ಆ ಹುಡುಗನ ಜೀವಕ್ಕೆ ತುಂಬಾ ಅಪಾಯದ ಹೊತ್ತು. ಸಾಲ ಇರುವಾಗಿನ ಹಿಂಸೆಗಿಂತ, ಸಿಕ್ಕಿಬಿದ್ದ ಮೇಲಿನ ನಾಚಿಕೆ ಹೆಚ್ಚು ಕೊಲ್ಲುತ್ತದೆ. ಇವತ್ತೇ ಅವನ ಪಕ್ಕ ಕೂತು ನೇರವಾಗಿ ಕೇಳಿ: ‘ಸಾಯಬೇಕು ಅಂತ ಅನ್ನಿಸ್ತಾ ಇದೆಯಾ?’ ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಹೊಕ್ಕುತ್ತದೆ ಎಂದು ತುಂಬಾ ಜನ ಹೆದರುತ್ತಾರೆ. ಹಾಗಾಗುವುದಿಲ್ಲ. ಕೇಳಿದ್ದಕ್ಕೆ ಹಗುರಾಗಿ ಅತ್ತವರನ್ನೇ ನಾನು ಹೆಚ್ಚು ನೋಡಿದ್ದೇನೆ. ರಾತ್ರಿ ಅವನನ್ನು ಒಂಟಿಯಾಗಿ ಬಿಡಬೇಡಿ. ತೋಟಕ್ಕೆ ಹೊಡೆಯುವ ಔಷಧಿ ಮನೆಯಲ್ಲಿ, ಪಂಪ್‌ಹೌಸಿನಲ್ಲಿ ಇದ್ದರೆ ಇವತ್ತೇ ಬೇರೆ ಕಡೆ ಸಾಗಿಸಿ ಬೀಗ ಹಾಕಿ. 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್, ಸರ್ಕಾರದ ಉಚಿತ ಸಹಾಯವಾಣಿ. 2022ರ ಅಕ್ಟೋಬರ್‌ನಿಂದ ಇದೆ, 24 ಗಂಟೆಯೂ ಸಿಗುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅವನೇ ಮಾಡಬೇಕೆಂದಿಲ್ಲ, ಅಪ್ಪನಾಗಿ ನೀವೂ ಮಾಡಬಹುದು. ಅವನು ಹೌದು ಎಂದರೆ, ಅಥವಾ ಏನೂ ಹೇಳದೆ ಮುಖ ತಿರುಗಿಸಿದರೆ, ನಾಳೆಗೆ ಕಾಯಬೇಡಿ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಇಷ್ಟು ಮಾಡಿ ಬಂದು ಉಳಿದಿದ್ದನ್ನು ಓದಿ.

ನಿಮ್ಮ ಪತ್ರದಲ್ಲಿ ಒಂದು ಪದ ಹಿಡಿದು ನಿಲ್ಲಿಸಿತು. ಭಯಭಕ್ತಿ. ನಾವು ಈ ಎರಡನ್ನೂ ಯಾವಾಗಲೂ ಸೇರಿಸಿಯೇ ಹೇಳುತ್ತೇವೆ, ಒಂದೇ ಪದ ಎನ್ನುವ ಹಾಗೆ. ಆದರೆ ಅವು ಎರಡು. ಅಪ್ಪ ಬಂದಾಗ ಎದ್ದು ನಿಲ್ಲುತ್ತಿದ್ದ ಎಷ್ಟು ಮಕ್ಕಳಿಗೆ ಅಪ್ಪನ ಮೇಲೆ ಗೌರವ ಇತ್ತು, ಎಷ್ಟು ಮಕ್ಕಳಿಗೆ ಬೆತ್ತದ ನೆನಪಿತ್ತು? ಇದನ್ನು ನಿಮಗೆ ನೋವು ಮಾಡಲು ಕೇಳುತ್ತಿಲ್ಲ. ನನ್ನ ಅಪ್ಪನ ಮುಂದೆ ನಾನೂ ಎದ್ದು ನಿಲ್ಲುತ್ತಿದ್ದೆ. ಅವರ ಮೇಲೆ ನನಗೆ ಪ್ರಾಣವಿತ್ತು. ಆದರೆ ಪಿ.ಯು.ಸಿ.ಯಲ್ಲಿ ಒಂದು ವಿಷಯದಲ್ಲಿ ಫೇಲಾದಾಗ ಹದಿನೈದು ದಿನ ಮುಚ್ಚಿಟ್ಟೆ. ಗೌರವ ಇದ್ದಿದ್ದಕ್ಕೆ ಮುಚ್ಚಿಡಲಿಲ್ಲ, ಹೆದರಿ ಮುಚ್ಚಿಟ್ಟೆ.

ಭಯ ಕಣ್ಣೆದುರು ಇರುವ ತನಕ ಕೆಲಸ ಮಾಡುತ್ತದೆ. ಬೆಂಗಳೂರಿನ ಪಿ.ಜಿ. ರೂಮಿನಲ್ಲಿ ರಾತ್ರಿ ಎರಡು ಗಂಟೆಗೆ ಅಪ್ಪ ಇರುವುದಿಲ್ಲ. ಅಲ್ಲಿ ಭಯ ಮಾಡುವುದು ಒಂದೇ ಕೆಲಸ. ತಪ್ಪು ಮಾಡದಂತೆ ತಡೆಯುವುದಿಲ್ಲ, ತಪ್ಪನ್ನು ಹೇಳದಂತೆ ತಡೆಯುತ್ತದೆ. ‘ನಿಮಗೆ ಹೇಳಿದ್ರೆ ಏನಾಗುತ್ತೆ ಅಂತ ನಂಗೊತ್ತಿತ್ತು’ ಎಂದು ನಿಮ್ಮ ಮಗ ಹೇಳಿದ್ದು ಎದುರು ಮಾತು ಎಂದು ನಿಮಗೆ ಅನ್ನಿಸಿದೆ. ನನಗೆ ಅದು ಇಡೀ ಪತ್ರದಲ್ಲಿ ಅವನಾಡಿದ ಮೊದಲ ನಿಜ ಎನ್ನಿಸಿತು.

ಹಾಗಂತ ಅವನ ಸುಳ್ಳನ್ನು ನಾನು ಸಣ್ಣದು ಮಾಡುವುದಿಲ್ಲ. ಅಮ್ಮನ ಕೊರಳ ಸರವನ್ನು ಸುಳ್ಳು ಹೇಳಿ ಒಯ್ಯುವುದು ದೊಡ್ಡ ತಪ್ಪು. ಅವನು ಅದನ್ನು ತೀರಿಸಬೇಕು, ಅಮ್ಮನ ಮುಂದೆ ಕೂತು ಒಪ್ಪಿಕೊಳ್ಳಬೇಕು. ಆದರೆ ಅದು ‘ಈಗಿನ ಹುಡುಗರಿಗೆ ಸಂಸ್ಕಾರವಿಲ್ಲ’ ಎಂಬುದಕ್ಕೆ ಸಾಕ್ಷಿಯಲ್ಲ. ಸಂಸ್ಕಾರ ಪೂರ್ತಿ ಹೋದವನು ‘ನನ್ನಿಂದ ನಿಮ್ಮ ಮರ್ಯಾದೆ ಹೋಯ್ತು’ ಎಂದು ಊಟ ಬಿಡುವುದಿಲ್ಲ.

ಇನ್ನು ಜೂಜು. ಅದೇನು ಈ ಕಾಲದ ಹುಡುಗರು ಕಂಡುಹಿಡಿದದ್ದಾ? ನೀವು ತುಮಕೂರು ಜಿಲ್ಲೆಯವರು. ಯುಗಾದಿಯ ಮಾರನೇ ದಿನ ಹೊಸತೊಡಕಿಗೆ ನಮ್ಮ ಕಡೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಬಾಡೂಟ ಆದ ಮೇಲೆ ಅರಳಿಕಟ್ಟೆಯಲ್ಲಿ, ತೋಟದ ಮನೆಯಲ್ಲಿ ಇಸ್ಪೀಟು. ‘ಇವತ್ತೊಂದಿನ’ ಎಂದು ಹಿರಿಯರೇ ಎಲೆ ಹಂಚುತ್ತಾರೆ, ಹುಡುಗರು ಹಿಂದೆ ನಿಂತು ನೋಡುತ್ತಾರೆ. ಓಸಿ, ಅಂದರೆ ಮಟ್ಕಾ, ಬರೆಸುವುದು ಹಳೆಯದು. ಒಂದಂಕಿ ಲಾಟರಿ ನೆನಪಿದೆಯಲ್ವಾ? ಬಸ್‌ಸ್ಟ್ಯಾಂಡಿನ ಗೂಡಂಗಡಿಗಳಲ್ಲಿ ಫಲಿತಾಂಶಕ್ಕೆ ಕಾಯುತ್ತಾ ನಿಂತವರು ಹುಡುಗರಲ್ಲ, ಸಂಸಾರಸ್ಥರು. ಕೂಲಿ ಮಾಡಿದವರು, ಸಂಬಳ ತಗೊಂಡವರು, ಮನೆಗೆ ಬರಿಗೈಯಲ್ಲಿ ಹೋದವರು. 2007ರಲ್ಲಿ ರಾಜ್ಯ ಸರ್ಕಾರ ಲಾಟರಿ ನಿಷೇಧಿಸಿತು. ನಾನು ಈ ಕೆಲಸಕ್ಕೆ ಬಂದ ಹೊಸದರಲ್ಲಿ ನನ್ನ ಮುಂದೆ ಕೂತು ಅತ್ತ ಹೆಂಗಸರಲ್ಲಿ ಎಷ್ಟೋ ಜನರ ಗಂಡಂದಿರು ಲಾಟರಿಗೆ ಸಿಕ್ಕಿದವರು. ಆಗ ಯಾರೂ ‘ನಡುವಯಸ್ಸಿನವರ ಮೌಲ್ಯಗಳು ಕುಸಿದಿವೆ’ ಎಂದು ಹೇಳಲಿಲ್ಲ. ಲಾಟರಿ ಮನೆ ಹಾಳು ಮಾಡಿತು ಎಂದರು. ಸರಿಯಾಗಿಯೇ ಹೇಳಿದರು.

ಈ ಸಲವೂ ಹಾಗೇ ನೋಡೋಣ. ಬದಲಾಗಿರುವುದು ಹುಡುಗರ ಬುದ್ಧಿಗಿಂತ ಹೆಚ್ಚಾಗಿ ಜೂಜಿನ ಜಾಗ. ಇಸ್ಪೀಟು ಆಡಲು ನಾಲ್ಕು ಜನ ಸೇರಬೇಕಿತ್ತು. ಯಾರಾದರೂ ನೋಡುತ್ತಿದ್ದರು, ಮನೆಗೆ ಸುದ್ದಿ ಮುಟ್ಟುತ್ತಿತ್ತು. ಜೇಬು ಖಾಲಿಯಾದರೆ ಎದ್ದು ಬರಬೇಕಿತ್ತು. ಈಗ ಕಟ್ಟೆಯೂ ಫೋನಿನಲ್ಲಿ, ಜೇಬೂ ಫೋನಿನಲ್ಲಿ, ಸಾಲ ಕೊಡುವವನೂ ಅದೇ ಫೋನಿನಲ್ಲಿ. 2016ರಲ್ಲಿ ಯು.ಪಿ.ಐ. ಬಂತು, ಇಂಟರ್ನೆಟ್ ಅಗ್ಗವಾಯಿತು. ಎಲ್ಲರಿಗೂ ಒಳ್ಳೆಯದೇ ಆಯಿತು. ಆದರೆ ನೋಟು ಎಣಿಸಿ ಕೊಡುವಾಗ ಕೈಗೆ ಆಗುತ್ತಿದ್ದ ನೋವು ಹೋಯಿತು. ಬೆರಳು ಒತ್ತಿದರೆ ಐನೂರು ಹೋಯಿತು, ಇನ್ನೊಮ್ಮೆ ಒತ್ತಿದರೆ ಇನ್ನೈನೂರು.

ಆಟ ಹೇಗೆ ಹಿಡಿಯುತ್ತದೆ ಎಂಬುದನ್ನು ನೀವು ತಿಳಿದುಕೊಂಡರೆ ಮಗನ ಮೇಲಿನ ಸಿಟ್ಟು ಸ್ವಲ್ಪ ಬೇರೆ ಕಡೆ ತಿರುಗುತ್ತದೆ. ಮೊದಲು ಬೋನಸ್ ಕೊಡುತ್ತಾರೆ. ಶುರುವಿನಲ್ಲಿ ನೂರಿನ್ನೂರು ಗೆದ್ದವನಿಗೆ ‘ನನಗೆ ಆಟ ಬರುತ್ತೆ’ ಎಂಬ ನಂಬಿಕೆ ಹುಟ್ಟುತ್ತದೆ. ಗೆಲುವು ಯಾವಾಗ ಬರುತ್ತದೆ ಎಂದು ಗೊತ್ತಿರುವುದಿಲ್ಲ. ಆ ಗೊತ್ತಿಲ್ಲದಿರುವುದೇ ಮನಸ್ಸನ್ನು ಕಟ್ಟಿಹಾಕುತ್ತದೆ. ಪ್ರತಿ ಸಲ ಗೆದ್ದರೆ ಬೇಜಾರಾಗುತ್ತದೆ, ಪ್ರತಿ ಸಲ ಸೋತರೆ ಬಿಡುತ್ತೇವೆ. ಯಾವಾಗಲೋ ಒಮ್ಮೆ ಗೆದ್ದರೆ ಬಿಡಲಾಗುವುದಿಲ್ಲ. ಒಂದೇ ಎಲೆಯಲ್ಲಿ ಸೋತರೆ ಅದು ಸೋಲು ಅನ್ನಿಸುವುದಿಲ್ಲ, ‘ಇನ್ನೇನು ಗೆದ್ದಿದ್ದೆ’ ಅನ್ನಿಸುತ್ತದೆ. ಕೊನೆಗೆ ಆಸೆಯೂ ಇರುವುದಿಲ್ಲ. ಹೋದ ದುಡ್ಡನ್ನು ಹೋದ ಜಾಗದಿಂದಲೇ ವಾಪಸ್ ತಂದು, ಯಾರಿಗೂ ಗೊತ್ತಾಗದ ಹಾಗೆ ಎಲ್ಲ ಸರಿ ಮಾಡಿಬಿಡಬೇಕು ಎಂಬ ಹಟ ಮಾತ್ರ ಉಳಿಯುತ್ತದೆ. ನನ್ನ ಹತ್ತಿರ ಬಂದ ಹೆಚ್ಚಿನ ಹುಡುಗರು ದೊಡ್ಡ ದುಡ್ಡು ಕಳೆದುಕೊಂಡಿದ್ದು ಈ ಹಟದಲ್ಲೇ. ಶ್ರೀಮಂತನಾಗಬೇಕು ಎಂದಲ್ಲ, ಅಪ್ಪನಿಗೆ ಗೊತ್ತಾಗುವ ಮೊದಲು ತುಂಬಿಸಿಡಬೇಕು ಎಂದು.

ಲೆಕ್ಕ ನಿಮಗೆ ಸುಲಭ. ನಾಲ್ಕು ಜನ ನೂರು ನೂರು ಹಾಕಿದರೆಂದು ಇಟ್ಟುಕೊಳ್ಳಿ. ನಾನ್ನೂರಾಯಿತು. ಆಡಿಸುವವನು ತನ್ನ ಪಾಲು ಐವತ್ತು ಹಿಡಿದು ಗೆದ್ದವನಿಗೆ ಮುನ್ನೂರೈವತ್ತು ಕೊಡುತ್ತಾನೆ. ಇದನ್ನು ನೂರು ಸಲ ಆಡಿದರೆ ಕೊನೆಗೆ ಯಾರ ಹತ್ತಿರ ದುಡ್ಡಿರುತ್ತದೆ? ಐದನೇ ತರಗತಿ ಮಗು ಹೇಳುತ್ತದೆ. ನಿಮ್ಮ ಮಗ ಇಂಜಿನಿಯರ್, ಅವನಿಗೂ ಗೊತ್ತು. ಗೊತ್ತಿದ್ದೂ ಆಡುತ್ತಾನೆ ಎಂದರೆ ಅದು ಬುದ್ಧಿಯ ಸಮಸ್ಯೆ ಅಲ್ಲ. ಜೂಜಿನ ಚಟವನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆಗಳ ಪಟ್ಟಿಯಲ್ಲಿ ಸೇರಿಸಿದೆ. 2022ರಿಂದ ಜಾರಿಯಲ್ಲಿರುವ ಪಟ್ಟಿಯಲ್ಲಿ ಅದು ಕುಡಿತದ ಚಟ ಇರುವ ಗುಂಪಿನಲ್ಲೇ ಇದೆ. ನಿಮ್ಮ ಮಗನಿಗೆ ಕಾಯಿಲೆ ಇದೆ ಎಂದು ನಾನು ಪತ್ರ ನೋಡಿ ಹೇಳಲಾರೆ. ಅದನ್ನು ಮನೋವೈದ್ಯರು ಕೂತು ಮಾತಾಡಿ ಹೇಳಬೇಕು. ಆದರೆ ಸಾಲ ಮಾಡಿ ಆಡುವುದು, ಸುಳ್ಳು ಹೇಳುವುದು, ಬಿಡುತ್ತೇನೆಂದು ಬಿಡಲಾಗದಿರುವುದು, ಇವೆಲ್ಲ ತೋರಿಸಿಕೊಳ್ಳಬೇಕಾದ ಲಕ್ಷಣಗಳು.

ಒಂದು ಮಾತು ಕೇಳುತ್ತೇನೆ. ಇದು ತಪ್ಪು ಎಂದು ಅವನಿಗೆ ಯಾರು ಹೇಳಿದ್ದರು? ಅವನು ಕಾಲೇಜಿನಲ್ಲಿದ್ದಾಗ ಟಿ.ವಿ.ಯಲ್ಲಿ, ಕ್ರಿಕೆಟ್ ಮ್ಯಾಚಿನ ನಡುವೆ, ಆಟಗಾರರು ಮತ್ತು ಸಿನಿಮಾ ನಟರೇ ಬಂದು ‘ಆಡಿ, ಗೆಲ್ಲಿ’ ಎನ್ನುತ್ತಿದ್ದರು. ನಮ್ಮ ರಾಜ್ಯ 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ದುಡ್ಡಿನ ಆನ್‌ಲೈನ್ ಆಟ ನಿಲ್ಲಿಸಲು ನೋಡಿತು. 2022ರ ಫೆಬ್ರವರಿಯಲ್ಲಿ ಹೈಕೋರ್ಟ್ ಅದರ ಮುಖ್ಯ ಭಾಗಗಳನ್ನು ರದ್ದು ಮಾಡಿತು. 2025ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ದುಡ್ಡು ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೇ ನಿಷೇಧಿಸುವ ಕಾನೂನು ತಂದಿತು. ಅಷ್ಟು ಹೊತ್ತಿಗೆ ನಿಮ್ಮ ಮಗ ಸಾಲದಲ್ಲಿದ್ದ. ದೊಡ್ಡವರೆಲ್ಲ ಸೇರಿ ಜೂಜನ್ನು ‘ಗೇಮ್’ ಎಂದು ಹೆಸರಿಟ್ಟು ಮಾರಿದ ವರ್ಷಗಳಲ್ಲಿ ಅವನಿಗೆ ಹತ್ತೊಂಬತ್ತು, ಇಪ್ಪತ್ತು. ಮುಂದಿನದನ್ನು ತೂಗಿ ನೋಡುವ ಮೆದುಳಿನ ಭಾಗ ಪೂರ್ತಿ ಬಲಿಯುವುದೇ ಇಪ್ಪತ್ತೈದರ ಆಸುಪಾಸಿನಲ್ಲಿ. ಈ ಮಾತು ಹೇಳುವಾಗ ನನಗೆ ನಿಜಕ್ಕೂ ಸಿಟ್ಟು ಬರುತ್ತದೆ. ಮೌಲ್ಯ ಕುಸಿದದ್ದು ಎಲ್ಲಿ ಎಂದು ಹುಡುಕುವುದಾದರೆ ಆ ಹುಡುಗರನ್ನು ಮಾತ್ರ ನಿಲ್ಲಿಸಿ ಕೇಳಬಾರದು.

ಕೇಂದ್ರದ ಆ ಕಾನೂನಿನಲ್ಲಿ ನಿಮಗೆ ಬೇಕಾದ ಒಂದು ಅಂಶವಿದೆ. ಶಿಕ್ಷೆ ಇರುವುದು ಆಡಿಸುವವರಿಗೆ, ಜಾಹೀರಾತು ಕೊಡುವವರಿಗೆ. ಆಡಿ ಸೋತವನಿಗಲ್ಲ. ಹಾಗಾಗಿ ಸಹಾಯ ಕೇಳಿದರೆ ಮಗನ ಮೇಲೆ ಕೇಸಾಗುತ್ತದೆ ಎಂದು ಹೆದರಬೇಡಿ. ಆದರೆ ನಿಷೇಧವಾದ ಮೇಲೂ ವಿದೇಶಿ ಬೆಟ್ಟಿಂಗ್ ಆಪ್‌ಗಳು ಟೆಲಿಗ್ರಾಂ ಗುಂಪುಗಳಲ್ಲಿ, ಕಳ್ಳದಾರಿಯ ಲಿಂಕ್‌ಗಳಲ್ಲಿ ಓಡಾಡುತ್ತಿವೆ. ಅಲ್ಲಿ ಸೋತ ಹುಡುಗರಿಗೆ ‘ನಿನ್ನ ಬ್ಯಾಂಕ್ ಅಕೌಂಟ್ ಕೊಡು, ಕಮಿಷನ್ ಕೊಡುತ್ತೇವೆ’ ಎಂದು ಹೇಳುವವರಿದ್ದಾರೆ. ಮಗ ಹಾಗೆ ಅಕೌಂಟ್, ಸಿಮ್, ಎ.ಟಿ.ಎಂ. ಕಾರ್ಡ್ ಯಾರಿಗಾದರೂ ಕೊಟ್ಟಿದ್ದಾನಾ ಎಂದು ಮೆಲ್ಲಗೆ ಕೇಳಿ. ಕೊಟ್ಟಿದ್ದರೆ ಅದು ಬೇರೆಯೇ ವಿಷಯ. ವಂಚನೆಯ ದುಡ್ಡು ಅವನ ಅಕೌಂಟಿನಲ್ಲಿ ಓಡಾಡಿರಬಹುದು. ತಡಮಾಡದೆ ವಕೀಲರನ್ನು ಕಂಡು, ಬ್ಯಾಂಕಿಗೆ ತಿಳಿಸಬೇಕು.

ಕಾಲಿಗೆ ಬೀಳುವುದಿಲ್ಲ, ಹಬ್ಬಕ್ಕೆ ಬರುವುದಿಲ್ಲ ಎಂಬುದು ನಿಜವಾದ ಬೇಸರ. ಒಪ್ಪುತ್ತೇನೆ. ಮಕ್ಕಳಿಲ್ಲದ ಹಬ್ಬದಲ್ಲಿ ಒಬ್ಬಟ್ಟು ಯಾರಿಗೆ ಮಾಡುವುದು? ಆದರೆ ಒಂದೇ ತಟ್ಟೆಯಲ್ಲಿ ಎಲ್ಲರ ಜೊತೆ ಉಣ್ಣುತ್ತಾನೆ, ಜಾತಿ ಕೇಳುವುದಿಲ್ಲ ಎಂಬುದನ್ನೂ ಅದೇ ಪಟ್ಟಿಯಲ್ಲಿ ಸೇರಿಸಿದ್ದೀರಿ. ಅಲ್ಲಿ ನಾನು ನಿಮ್ಮ ಜೊತೆಗಿಲ್ಲ ಮೇಷ್ಟ್ರೇ. ಹೋಟೆಲಿನಲ್ಲಿ ಕೆಲವರಿಗೆ ಬೇರೆ ಲೋಟ ಇಡುತ್ತಿದ್ದ ಕಾಲವನ್ನು ನೀವೂ ನೋಡಿದ್ದೀರಿ, ನಾನೂ ನೋಡಿದ್ದೇನೆ. ಆಗ ಎಲ್ಲರಿಗೂ ಭಯಭಕ್ತಿ ಇತ್ತು, ಆ ಲೋಟವೂ ಇತ್ತು. ನಿಮ್ಮ ಮಗ ಆ ಲೋಟವನ್ನು ಬಿಟ್ಟಿದ್ದಾನೆ. ಕಲ್ಯಾಣದಲ್ಲಿ ಶರಣರು 12ನೇ ಶತಮಾನದಲ್ಲಿ ಪ್ರಾಣ ಕೊಟ್ಟು ಹೇಳಿದ್ದೂ ಅದನ್ನೇ. ಅದನ್ನು ಕುಸಿತದ ಲೆಕ್ಕಕ್ಕೆ ಬರೆಯಬೇಡಿ.

ಈಗ ನಿಮ್ಮ ಮೂರು ದಾರಿಗಳು.

ಆಣೆ. ದೇವರ ಮೇಲಿನ ನಿಮ್ಮ ನಂಬಿಕೆಯನ್ನು ನಾನು ಪ್ರಶ್ನಿಸುವುದಿಲ್ಲ. ಮನೆಯವರೆಲ್ಲ ಸೇರಿ ಧರ್ಮಸ್ಥಳಕ್ಕೆ ಹೋಗಿ, ದರ್ಶನ ಮಾಡಿ, ಜೊತೆಗೆ ಕೂತು ಅನ್ನಪ್ರಸಾದ ಉಂಡು ಬನ್ನಿ. ಇಷ್ಟು ದಿನದಿಂದ ಒಟ್ಟಿಗೆ ಕೂತು ಉಂಡಿಲ್ಲ ಅಲ್ವಾ? ಆದರೆ ಆಣೆ ಮಾಡಿಸಬೇಡಿ. ಜೂಜು ಬಿಡುವವರಲ್ಲಿ ತುಂಬಾ ಜನ ಮಧ್ಯದಲ್ಲಿ ಒಂದೆರಡು ಸಲ ಜಾರುತ್ತಾರೆ. ಅದು ಗುಣವಾಗುವ ದಾರಿಯಲ್ಲೇ ಬರುವ ಎಡವಟ್ಟು. ಆಣೆ ಮಾಡಿದವನು ಜಾರಿದರೆ ಅದನ್ನು ಯಾರಿಗೂ ಹೇಳಲಾರ. ಅಪ್ಪನ ಭಯಕ್ಕೆ ಮಂಜುನಾಥನ ಭಯವೂ ಸೇರಿಕೊಂಡಿರುತ್ತದೆ. ಹಾಗೆ ಆಣೆ ತಪ್ಪಿದ ಒಬ್ಬ ಹುಡುಗ ನನ್ನ ಹತ್ತಿರ ಬಂದಾಗ ಹೇಳಿದ್ದು ನೆನಪಿದೆ: ‘ಹೆಂಗೂ ಆಣೆ ಮುರಿದಾಯ್ತು, ಇನ್ನೇನು ಉಳಿದಿದೆ ಅಂತ ಪೂರ್ತಿ ಆಡಿಬಿಟ್ಟೆ.’ ಸೋತಿದ್ದು ಐನೂರು. ಆಣೆ ಮುರಿದ ಸಂಕಟಕ್ಕೆ ಅದು ಅರವತ್ತು ಸಾವಿರವಾಯಿತು.

ಮದುವೆ. ಇದಕ್ಕೆ ಮಾತ್ರ ನಾನು ಖಡಾಖಂಡಿತ ಬೇಡ ಎನ್ನುತ್ತೇನೆ. ‘ಮದುವೆ ಮಾಡಿದ್ರೆ ಎಲ್ಲ ಸರಿಹೋಗುತ್ತೆ’ ಎಂಬ ಮಾತಿನಷ್ಟು ಹೆಣ್ಣುಮಕ್ಕಳ ಬಾಳು ಹಾಳು ಮಾಡಿದ ಮಾತು ಇನ್ನೊಂದನ್ನು ನಾನು ಕೇಳಿಲ್ಲ. ಕುಡಿಯುವವನಿಗೆ ಹಾಗೆಂದರು, ಕೆಲಸ ಮಾಡದವನಿಗೆ ಹಾಗೆಂದರು, ಈಗ ಜೂಜಾಡುವವನಿಗೆ. ನಿಮ್ಮ ಭಾಮೈದನ ಮಗಳು ಔಷಧಿಯಲ್ಲ. ಅವಳಿಗೆ, ಅವಳ ಅಪ್ಪ ಅಮ್ಮನಿಗೆ ಸಾಲದ ವಿಷಯ ಹೇಳಿ ಮದುವೆ ಮಾಡುತ್ತೀರಾ? ಹೇಳಿದರೆ ಅವರು ಕೊಡುವುದಿಲ್ಲ. ಹೇಳದೆ ಮಾಡಿದರೆ ಅದು ಸುಳ್ಳು. ಮಗ ಫೀಸ್ ಎಂದು ಹೇಳಿ ಸರ ತಂದ. ನಾವು ಒಳ್ಳೆ ಹುಡುಗ ಎಂದು ಹೇಳಿ ಹುಡುಗಿ ತಂದ ಹಾಗಾಗುತ್ತದೆ. ಅವಳ ಒಡವೆ ಮುಂದಿನ ಅಡಮಾನ. ಇಂಥ ಮನೆಗಳನ್ನು ನೋಡಿಯೇ ಹೇಳುತ್ತಿದ್ದೇನೆ. ನಂಟು ಒಳಗಿನದೇ ಆದರೆ ಒಡೆದಾಗ ಎರಡು ಮನೆ ಒಡೆಯುತ್ತದೆ. ಅವನು ಒಂದೆರಡು ವರ್ಷ ಆಡದೆ, ಸಾಲ ತೀರಿಸಿ, ತನ್ನ ಬಾಯಿಂದಲೇ ಹುಡುಗಿಗೆ ಎಲ್ಲ ಹೇಳುವಷ್ಟು ಗಟ್ಟಿಯಾದ ಮೇಲೆ ಮದುವೆಯ ಮಾತು.

ತೋಟ ಮಾರುವುದು. ಇದರಲ್ಲಿ ಪ್ರೀತಿ ಇದೆ, ಗೊತ್ತು. ಆದರೆ ಪೂರ್ತಿ ಸಾಲವನ್ನು ನೀವು ಒಂದೇ ಸಲಕ್ಕೆ ತೀರಿಸಿದರೆ ಎರಡು ತೊಂದರೆ. ಒಂದು, ಅವನಿಗೆ ತಾನೇ ತೀರಿಸಿದೆ ಎಂಬ ಬಲ ಬರುವುದಿಲ್ಲ, ತೋಟ ಕಳೆದೆ ಎಂಬ ಹೊರೆ ಮಾತ್ರ ಉಳಿಯುತ್ತದೆ. ಇನ್ನೊಂದು, ಸಾಲ ತೀರಿದ ಬೆನ್ನಲ್ಲೇ ಸಾಲದ ಆಪ್‌ಗಳು ‘ನೀವು ಒಳ್ಳೆಯ ಗ್ರಾಹಕರು, ಈಗ ಇನ್ನೂ ಹೆಚ್ಚು ಸಾಲ ಸಿಗುತ್ತದೆ’ ಎಂದು ಮೆಸೇಜ್ ಕಳಿಸುತ್ತವೆ. ಚಟ ಹಾಗೇ ಇದ್ದು ಸಾಲ ಮಾತ್ರ ಹೋದರೆ, ಜಾಗ ಖಾಲಿಯಾಗಿದೆ ಎಂದಷ್ಟೇ ಅರ್ಥ. ತೆಂಗಿನ ಮರ ಒಂದು ಸಲ ಹೋದರೆ ನಿಮ್ಮ ಜೀವನದಲ್ಲಿ ಮತ್ತೆ ಬರುವುದಿಲ್ಲ. ಕೆಲಸ ಬಿಡಿಸಬೇಡಿ. ಕೆಲಸವೇ ಅವನ ಸಾಲ ತೀರಿಸುವ ದಾರಿ. ಊರಿಗೆ ಬಂದರೂ ಫೋನ್ ಜೊತೆಗೇ ಬರುತ್ತದೆ. ರಜೆ ಇನ್ನೆರಡು ವಾರ ಸಿಕ್ಕರೆ ಮನೆಯಲ್ಲಿರಲಿ, ಅದು ಒಳ್ಳೆಯದು.

ಹಾಗಾದರೆ ಏನು ಮಾಡುವುದು? ಮೊದಲು ಒಂದು ನೋಟ್‌ಬುಕ್ ತಗೊಂಡು ಅವನ ಜೊತೆ ಕೂತುಕೊಳ್ಳಿ. ಬೈಯುವುದಿಲ್ಲ ಎಂದು ಮೊದಲೇ ಹೇಳಿ, ಹೇಳಿದ ಹಾಗೆ ನಡೆದುಕೊಳ್ಳಿ. ಯಾರಿಗೆ ಎಷ್ಟು ಎಂದು ಬರೆಯಿರಿ. ಹುಡುಗರು ಮೊದಲ ಸಲ ಪೂರ್ತಿ ಹೇಳುವುದಿಲ್ಲ. ಒಂದಿಷ್ಟನ್ನು ನಾಚಿಕೆಯಿಂದ ಮುಚ್ಚಿಡುತ್ತಾರೆ. ‘ಇನ್ನೂ ಏನಾದ್ರೂ ಇದ್ರೆ ಮುಂದಿನ ವಾರ ಹೇಳು, ಪರವಾಗಿಲ್ಲ’ ಎಂದು ಬಾಗಿಲು ತೆರೆದಿಡಿ. 4 ಲಕ್ಷ 60 ಸಾವಿರ ನಾಳೆ 5 ಲಕ್ಷ 20 ಸಾವಿರ ಆದರೆ ಅದನ್ನು ಹೊಸ ಸುಳ್ಳು ಎಂದು ಎಣಿಸಬೇಡಿ. ಹಳೆಯ ಸುಳ್ಳು ಹೊರಗೆ ಬಂತು ಎಂದು ಎಣಿಸಿ.

ಬ್ಯಾಂಕಿನ ಸಾಲವಿದ್ದರೆ ಬ್ಯಾಂಕಿಗೆ ಹೋಗಿ ಕಂತು ಸಣ್ಣದು ಮಾಡಿ ಅವಧಿ ಹೆಚ್ಚಿಸಲು ಆಗುತ್ತದಾ ಎಂದು ಕೇಳಿ. ಅಡ ಇಟ್ಟ ಸರದ ರಸೀದಿ ನೋಡಿ, ಹರಾಜಿಗೆ ಹೋಗುವ ದಿನಾಂಕ ತಿಳಿದುಕೊಳ್ಳಿ. ನೀವು ದುಡ್ಡು ಹಾಕಲೇಬೇಕು ಎನ್ನಿಸಿದರೆ ಇಲ್ಲಿ ಮಾತ್ರ ಹಾಕಿ, ಅವನ ಕೈಗೆ ಕೊಡದೆ ನೇರವಾಗಿ ಹೋಗಿ ಕಟ್ಟಿ ಬಿಡಿಸಿಕೊಂಡು ಬನ್ನಿ. ಅದನ್ನು ಅವನು ತಿಂಗಳು ತಿಂಗಳು ಅಮ್ಮನ ಕೈಗೆ ತೀರಿಸಲಿ. ಗೆಳೆಯರ ಸಾಲಕ್ಕೆ ಅವನೇ ಫೋನ್ ಮಾಡಿ, ತಿಂಗಳಿಗೆ ಇಷ್ಟು ಕೊಡುತ್ತೇನೆ ಎಂದು ಹೇಳಲಿ.

ನಿಮಗೆ ಫೋನ್ ಮಾಡಿ ಬೈದವರು ಸಾಲದ ಆಪ್‌ನವರಿರಬೇಕು. ಹತ್ತು ಸಾವಿರ ಎಂದು ಬರೆದು ಆರೂವರೆ ಕೈಗೆ ಕೊಟ್ಟು, ಏಳು ದಿನದಲ್ಲಿ ಹತ್ತು ಸಾವಿರ ಕಟ್ಟು ಎನ್ನುವ ಆಪ್‌ಗಳಿವೆ. ಫೋನಿನಲ್ಲಿರುವ ನಂಬರುಗಳನ್ನೆಲ್ಲ ಕದ್ದು ನೆಂಟರಿಗೆ ಫೋನ್ ಮಾಡುತ್ತಾರೆ, ಫೋಟೋ ತಿದ್ದಿ ಹೆದರಿಸುತ್ತಾರೆ. ರಿಸರ್ವ್ ಬ್ಯಾಂಕ್ 2022ರಲ್ಲಿ ಇದಕ್ಕೆ ನಿಯಮ ತಂದಿದೆ. ಸಾಲ ಕೊಡುವ ಆಪ್ ಫೋನಿನ ನಂಬರುಗಳನ್ನು ಮುಟ್ಟಬಾರದು. ವಸೂಲಿಗೆ ಬೆಳಗ್ಗೆ 8ಕ್ಕೆ ಮೊದಲು, ಸಂಜೆ 7ರ ನಂತರ ಫೋನ್ ಮಾಡಬಾರದು. ನೆಂಟರ ಮುಂದೆ ಮಾನ ಕಳೆಯಬಾರದು. ಹೆದರಿ ಇನ್ನಷ್ಟು ಕಟ್ಟುವ ಮೊದಲು ಆ ಫೋನ್ ಕರೆ, ಮೆಸೇಜ್‌ಗಳನ್ನು ಉಳಿಸಿಕೊಂಡು ಸೈಬರ್ ಅಪರಾಧದ ಸಹಾಯವಾಣಿ 1930ಕ್ಕೆ ದೂರು ಕೊಡಿ, ಇಲ್ಲವೇ ಪೊಲೀಸ್ ಸ್ಟೇಷನ್ನಿಗೆ ಹೋಗಿ. ನೀವು ಸಹಿ ಮಾಡಿ ಜಾಮೀನು ನಿಂತಿಲ್ಲದಿದ್ದರೆ, ವಯಸ್ಸಿಗೆ ಬಂದ ಮಗನ ಸಾಲಕ್ಕೆ ನೀವು ಕಾನೂನಿನ ಪ್ರಕಾರ ಹೊಣೆಯಲ್ಲ. ಮುಂದಿನ ಸಲ ಫೋನ್ ಬಂದರೆ ‘ಏನಿದ್ದರೂ ಬರವಣಿಗೆಯಲ್ಲಿ ಕಳಿಸಿ’ ಎಂದು ಇಟ್ಟುಬಿಡಿ. ಊರಿನವರಿಗೆ ಗೊತ್ತಾಗುತ್ತದೆ ಎಂಬ ಹೆದರಿಕೆಯೇ ಅವರ ಬಂಡವಾಳ. ನೀವು ಹತ್ತಿರದ ಒಂದಿಬ್ಬರು ನೆಂಟರಿಗೆ ಮೊದಲೇ ಹೇಳಿಬಿಟ್ಟರೆ ಆ ಬಂಡವಾಳ ಕರಗುತ್ತದೆ. ಕಷ್ಟದ ಕೆಲಸ, ಗೊತ್ತು. ಮೇಷ್ಟ್ರು ಎಂದು ಊರೆಲ್ಲ ಕೈಮುಗಿದ ಮನೆ. ಆದರೆ ಇದನ್ನು ಮಾಡಿದ ಮನೆಗಳು ಬೇಗ ಚೇತರಿಸಿಕೊಂಡಿದ್ದನ್ನು ನೋಡಿದ್ದೇನೆ.

ಕೆಲವು ತಿಂಗಳು ಅವನ ಸಂಬಳ ಬರುವ ಅಕೌಂಟನ್ನು ನೋಡಿಕೊಳ್ಳುವ ಕೆಲಸ ಮನೆಯ ಒಬ್ಬರಿಗೆ ಕೊಡಲಿ. ಕಿತ್ತುಕೊಳ್ಳಬೇಡಿ, ಅವನೇ ಒಪ್ಪಿ ಕೊಡಲಿ. ಕಿತ್ತುಕೊಂಡರೆ ಎರಡನೇ ಅಕೌಂಟ್ ತೆರೆಯುತ್ತಾನೆ, ಎರಡನೇ ಸಿಮ್ ತರುತ್ತಾನೆ. ಸಂಬಳ ಬಂದ ದಿನವೇ ಕಂತು ಕಟ್ಟಿ, ಪಿ.ಜಿ. ಬಾಡಿಗೆ ಕಟ್ಟಿ, ಕೈಖರ್ಚಿಗೆ ಸ್ವಲ್ಪ ಉಳಿಸುವುದು. ಸಂಬಳದ ರಾತ್ರಿ ಮತ್ತು ಮ್ಯಾಚ್ ಇರುವ ರಾತ್ರಿ ಇವರಿಗೆ ಅತಿ ಕಷ್ಟದವು. ಆ ರಾತ್ರಿಗಳಲ್ಲಿ ಫೋನ್ ಮಾಡಿ ಮಾತಾಡಿ. ‘ಆಡ್ತಾ ಇದ್ದೀಯಾ?’ ಎಂದು ಕೇಳಬೇಡಿ. ಕೊಬ್ಬರಿ ರೇಟು ಹೇಳಿ, ಹಸು ಕರು ಹಾಕಿದ್ದು ಹೇಳಿ.

ಚಿಕಿತ್ಸೆಗೆ ದೂರ ಹೋಗಬೇಕಿಲ್ಲ. ಜಿಲ್ಲಾ ಆಸ್ಪತ್ರೆಯಲ್ಲಿ ಮನೋವೈದ್ಯರಿದ್ದಾರೆ. ತಾಲ್ಲೂಕು ಆಸ್ಪತ್ರೆಯಲ್ಲಿ ಮಂಗಳವಾರದ ‘ಮನೋಚೈತನ್ಯ’ ಶಿಬಿರ ಯಾವಾಗ ಎಂದು ವಿಚಾರಿಸಿ. ಅವನು ಬೆಂಗಳೂರಿಗೆ ವಾಪಸ್ ಹೋದ ಮೇಲೆ ನಿಮ್ಹಾನ್ಸ್ ಇದೆ. ಅಲ್ಲಿ ವ್ಯಸನ ಚಿಕಿತ್ಸೆಗೆ ಬೇರೆ ವಿಭಾಗವಿದೆ. ಮೊಬೈಲ್, ಇಂಟರ್ನೆಟ್ ಗೀಳಿಗೆಂದೇ 2014ರಲ್ಲಿ ಶುರುವಾದ ‘ಶಟ್’ ಕ್ಲಿನಿಕ್ ಕೂಡ ಇದೆ. ಅಲ್ಲಿ ಹೇಳಿದ್ದು ಆಫೀಸಿಗೆ, ಊರಿಗೆ ಹೋಗುವುದಿಲ್ಲ. ರೋಗಿಯ ವಿಷಯ ಗುಟ್ಟಾಗಿಡಬೇಕು ಎಂದು 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ಇದರಲ್ಲೂ ಅಪಾಯ ಇಲ್ಲದಿಲ್ಲ. ಎರಡು ಸಲ ಹೋಗಿ ‘ನಾನು ಸರಿಯಾದೆ’ ಎಂದು ನಿಲ್ಲಿಸುವವರು ಜಾಸ್ತಿ. ಮೂರನೇ ಸಲಕ್ಕೆ ನೀವೂ ಜೊತೆಗೆ ಹೋಗಿ, ಹೊರಗೆ ಬೆಂಚಿನ ಮೇಲೆ ಕೂತಿರಿ.

ಕಪಾಳಕ್ಕೆ ಹೊಡೆದದ್ದರ ಬಗ್ಗೆ ನೀವು ಏನೂ ಕೇಳಿಲ್ಲ. ಆದರೂ ಅದನ್ನು ಬರೆದಿದ್ದೀರಿ. ಬರೆಯದೆಯೂ ಇರಬಹುದಿತ್ತು. ಅದು ನಿಮಗೂ ಕೊರೆಯುತ್ತಿದೆ ಎಂದು ನನಗನ್ನಿಸಿತು. ‘ಹೊಡೆಯಬಾರದಿತ್ತು ಕಣೋ’ ಎಂಬ ಒಂದು ಮಾತು ಹೇಳಿದರೆ ನಿಮ್ಮ ದೊಡ್ಡತನ ಕಡಿಮೆಯಾಗುವುದಿಲ್ಲ. ತಪ್ಪು ಮಾಡಿದ ಮೇಲೆ ಅದನ್ನು ಹೇಗೆ ಒಪ್ಪಿಕೊಳ್ಳುವುದು ಎಂದು ಅವನು ಇದುವರೆಗೆ ಮನೆಯಲ್ಲಿ ನೋಡಿಲ್ಲದಿರಬಹುದು.

ಕೊನೆಗೆ ನಿಮ್ಮ ಮಗಳ ವಿಷಯ. ಅವಳಿಗೆ ಮೊದಲೇ ಗೊತ್ತಿತ್ತು, ಹೇಳಲಿಲ್ಲ, ಬೈದೆ ಎಂದು ಒಂದೇ ಉಸಿರಿಗೆ ಬರೆದಿದ್ದೀರಿ. ಯೋಚಿಸಿ ನೋಡಿ. ಇಷ್ಟು ದೊಡ್ಡ ಮನೆಯಲ್ಲಿ ಅವನು ನಿಜ ಹೇಳಿದ್ದು ಒಬ್ಬಳಿಗೆ. ರಾತ್ರಿ ಅವನ ಫೋನ್ ಎತ್ತಿದ್ದು ಅವಳು. ಹತ್ತೊಂಬತ್ತು, ಇಪ್ಪತ್ತರ ಹುಡುಗಿ ಅಣ್ಣನ ಅಷ್ಟೂ ಭಾರ ಹೊತ್ತುಕೊಂಡು ಕಾಲೇಜಿಗೆ ಹೋಗಿ ಬರುತ್ತಿದ್ದಳು. ಯಾವ ಆಪ್, ಎಷ್ಟು ಸಾಲ, ಯಾವ ರಾತ್ರಿ ಅವನು ಏನೆಂದ, ‘ಸಾಯ್ತೀನಿ’ ಎಂದು ಮೊದಲೂ ಹೇಳಿದ್ದನಾ, ಇದೆಲ್ಲ ನಿಮ್ಮೆಲ್ಲರಿಗಿಂತ ಚೆನ್ನಾಗಿ ಅವಳಿಗೆ ಗೊತ್ತಿರುತ್ತದೆ. ಇವತ್ತು ಸಂಜೆ ಕಾಲೇಜು ಮುಗಿಸಿ ಬಂದಾಗ ಅವಳಿಗೆ ಕಾಫಿ ಕೊಟ್ಟು ಪಕ್ಕದಲ್ಲಿ ಕೂರಿಸಿಕೊಳ್ಳಿ. ಬೈದಿದ್ದು ತಪ್ಪಾಯಿತು ಎಂದು ಹೇಳಿ. ಆಮೇಲೆ ನೀವು ಸುಮ್ನೆ ಇರಿ, ಅವಳು ಮಾತಾಡಲಿ. ನೋಟ್‌ಬುಕ್ ಹಿಡಿದು ಮಗನ ಹತ್ತಿರ ಹೋಗುವುದು ಅದಾದ ಮೇಲೆ.